ಕೈ ಎತ್ತದವರ ಲಾಬಿ

ಇರಾಕ್ ಯುದ್ಧ ಯಾವಾಗ ಮುಗಿಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳಿಯಾರು. ಕಾನೂನಿನ ಲೆಕ್ಕದಲ್ಲಿ ಅದು ಮುಗಿದದ್ದು 2025ರ ಡಿಸೆಂಬರ್ 18ರಂದು. ಅಷ್ಟು ಹೊತ್ತಿಗೆ ಸದ್ದಾಂ ಹುಸೇನ್ ಗಲ್ಲಿಗೇರಿ 19 ವರ್ಷವಾಗುತ್ತ ಬಂದಿತ್ತು. ಅಮೆರಿಕದ ಸೇನೆ ಇರಾಕಿನಿಂದ ಮೊದಲ ಸಲ ಗಂಟುಮೂಟೆ ಕಟ್ಟಿ 14 ವರ್ಷ ಕಳೆದಿತ್ತು. ಆದರೂ 2002ರ ಅಕ್ಟೋಬರಿನಲ್ಲಿ ಜಾರ್ಜ್ ಡಬ್ಲ್ಯು. ಬುಷ್‌ಗೆ ಅಮೆರಿಕದ ಸಂಸತ್ತು ಕೊಟ್ಟಿದ್ದ ಯುದ್ಧದ ಅನುಮತಿ ಊರ್ಜಿತದಲ್ಲೇ ಇತ್ತು. ಆ ಡಿಸೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ರಕ್ಷಣಾ ಕಾಯ್ದೆಯ ಸಾವಿರಾರು ಪುಟಗಳ ನಡುವೆ ಎಲ್ಲೋ ಒಂದು ಕಡೆ, ಆ ಅನುಮತಿಯನ್ನೂ ಅದಕ್ಕೂ ಹಿಂದಿನ 1991ರ ಕೊಲ್ಲಿ ಯುದ್ಧದ ಅನುಮತಿಯನ್ನೂ ರದ್ದು ಮಾಡುವ ಕಲಮು ಸೇರಿತ್ತು.

ಆ ಕಲಮಿನ ಹಿಂದೆ ಬಿದ್ದವರು ಹಲವರು. ಅವರಲ್ಲಿ ಒಂದು ಗುಂಪಿನ ವಿಳಾಸ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್, ಸೆಕೆಂಡ್ ಸ್ಟ್ರೀಟ್, 245ನೇ ನಂಬರು. ಸೆನೆಟರುಗಳ ಕಚೇರಿಗಳಿರುವ ಹಾರ್ಟ್ ಕಟ್ಟಡದ ಎದುರಿಗೇ ಇರುವ ಹಳೆಯ ಮನೆ. 2002ರಲ್ಲಿ ‘ಅನುಮತಿ ಕೊಡಬೇಡಿ’ ಎಂದು ಓಡಾಡಿ ಸೋತವರು ಇವರು. ಸೋತ ಮೇಲೆ ‘ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಿ’ ಎಂದು ವರ್ಷಗಟ್ಟಲೆ ಅದೇ ಮೆಟ್ಟಿಲು ಹತ್ತಿದರು. ಸಂಸ್ಥೆಯ ಹೆಸರು ಫ್ರೆಂಡ್ಸ್ ಕಮಿಟಿ ಆನ್ ನ್ಯಾಷನಲ್ ಲೆಜಿಸ್ಲೇಶನ್. ಚಿಕ್ಕದಾಗಿ ಎಫ್‌ಸಿಎನ್‌ಎಲ್. 1943ರಲ್ಲಿ, ಎರಡನೇ ಮಹಾಯುದ್ಧದ ನಟ್ಟನಡುವೆ, ಕ್ವೇಕರ್ ಪಂಥದವರು ಶಾಂತಿಗಾಗಿ ಲಾಬಿ ಮಾಡಲೆಂದೇ ಕಟ್ಟಿಕೊಂಡ ಸಮಿತಿ.

ನಮ್ಮಲ್ಲಿ ಲಾಬಿ ಅಂದರೆ ಸಂಪುಟ ವಿಸ್ತರಣೆಯ ವಾರ ದೆಹಲಿ ವಿಮಾನ ಹತ್ತುವುದು, ಇಲ್ಲವೇ ನಿಗಮ ಮಂಡಳಿಯ ಕುರ್ಚಿಗೆ ವಶೀಲಿ ಹಚ್ಚುವುದು. ಅಮೆರಿಕದಲ್ಲಿ ಅದು ನೋಂದಾಯಿತ ಕಸುಬು. ಔಷಧ ಕಂಪನಿ, ತೈಲ ಕಂಪನಿ, ಯುದ್ಧವಿಮಾನ ಮಾಡುವ ಕಂಪನಿ, ಎಲ್ಲರೂ ಹೆಸರು ಬರೆಸಿ, ಖರ್ಚಿನ ಲೆಕ್ಕ ಕೊಟ್ಟು ರಾಜಾರೋಷವಾಗಿ ಮಾಡುತ್ತಾರೆ. ಕ್ವೇಕರ್ ಸಮಿತಿಯೂ ಅದೇ ಪಟ್ಟಿಯಲ್ಲಿದೆ. ಆದರೆ ಇದು ಯಾವ ಅಭ್ಯರ್ಥಿಗೂ ಚುನಾವಣಾ ನಿಧಿ ಕೊಡುವುದಿಲ್ಲ, ಯಾರಿಗೂ ಮತ ಹಾಕಿ ಎಂದು ಹೇಳುವುದಿಲ್ಲ. ದೇಣಿಗೆ ಕೊಟ್ಟವರಿಗೆ ನಮ್ಮ 80ಜಿ ತರಹದ ತೆರಿಗೆ ರಿಯಾಯಿತಿಯೂ ಇಲ್ಲ. ಲಾಬಿಯೇ ಮುಖ್ಯ ಕೆಲಸವಾದ ಸಂಸ್ಥೆಗೆ ಅಲ್ಲಿನ ಕಾನೂನು ಆ ಸವಲತ್ತು ಕೊಡುವುದಿಲ್ಲ. ಶೈಕ್ಷಣಿಕ ಕೆಲಸಕ್ಕೆಂದು ರಿಯಾಯಿತಿಯಿರುವ ಇನ್ನೊಂದು ನಿಧಿಯನ್ನು ಬೇರೆಯಾಗಿ ಇಟ್ಟುಕೊಂಡಿದ್ದಾರೆ.

ಕ್ವೇಕರ್ ಎಂದಾಕ್ಷಣ ಓಟ್ಸ್ ಪೊಟ್ಟಣದ ಮೇಲಿನ ಟೋಪಿ ಅಜ್ಜ ಕಣ್ಣಮುಂದೆ ಬರುವುದು ಸಹಜ. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ಪ್ರಾಮಾಣಿಕರು ಎಂದು ಹೆಸರಾದವರ ವೇಷವನ್ನು ವ್ಯಾಪಾರಕ್ಕೆ ಎತ್ತಿಕೊಂಡರು, ಅಷ್ಟೆ. ನಮಗೆ ಹತ್ತಿರದ ಕ್ವೇಕರ್ ಬೇಕೆಂದರೆ ಕೇರಳದಲ್ಲಿ ಕಡಿಮೆ ಖರ್ಚಿನ ಇಟ್ಟಿಗೆ ಮನೆ ಕಟ್ಟಿಕೊಂಡಿದ್ದ ಲಾರಿ ಬೇಕರ್ ಇದ್ದಾರೆ. ಜಗತ್ತಿನಲ್ಲಿ ಇವರ ಸಂಖ್ಯೆ ಸುಮಾರು 4 ಲಕ್ಷ. ಅತಿ ಹೆಚ್ಚು ಇರುವುದು ಇಂಗ್ಲೆಂಡಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, ಕೆನ್ಯಾದಲ್ಲಿ.

17ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಜಾರ್ಜ್ ಫಾಕ್ಸ್ ಸುತ್ತ ಹುಟ್ಟಿದ ಪಂಥ ಇದು. ಪ್ರತಿ ಮನುಷ್ಯನೊಳಗೂ ದೇವರ ಅಂಶವಿದೆ, ಹಾಗಾಗಿ ನಡುವೆ ಪುರೋಹಿತ ಬೇಡ ಎಂದರು. ಕೋರ್ಟಿನಲ್ಲಿ ಪ್ರಮಾಣ ಮಾಡುವುದಿಲ್ಲ, ದೊಡ್ಡವರೆದುರು ಟೋಪಿ ತೆಗೆಯುವುದಿಲ್ಲ, ಆಯುಧ ಹಿಡಿಯುವುದಿಲ್ಲ ಎಂದರು. ಸಾವಿರಗಟ್ಟಲೆ ಜನ ಜೈಲಿಗೆ ಹೋದರು. 1661ರ ಜನವರಿಯಲ್ಲಿ ಎರಡನೇ ಚಾರ್ಲ್ಸ್ ದೊರೆಗೆ ಇವರು ಕೊಟ್ಟ ಹೇಳಿಕೆಯಲ್ಲಿ, ಯಾವ ಕಾರಣಕ್ಕೂ ಯಾರ ಮೇಲೂ ಕತ್ತಿ ಎತ್ತುವುದಿಲ್ಲ ಎಂಬ ಮಾತಿದೆ. ಅದನ್ನು ಶಾಂತಿಯ ಸಾಕ್ಷ್ಯವೆಂದು ಇಂದಿಗೂ ನೆನೆಯುತ್ತಾರೆ. ಜೈಲಿನಲ್ಲಿದ್ದ ತಮ್ಮವರನ್ನು ಬಿಡಿಸಿಕೊಳ್ಳಲು ದೊರೆಗೆ ಸಲ್ಲಿಸಿದ ಅಹವಾಲೂ ಅದೇ ಆಗಿತ್ತು ಎಂಬುದು ನನಗೆ ಹೆಚ್ಚು ಸ್ವಾರಸ್ಯದ ಸಂಗತಿ. ಅಂದರೆ ಈ ಪಂಥದ ಧರ್ಮಶ್ರದ್ಧೆ ಮತ್ತು ಲಾಬಿ ಹೆಚ್ಚುಕಡಿಮೆ ಒಂದೇ ಕಾಗದದಲ್ಲಿ ಹುಟ್ಟಿದವು.

ಇವರ ಸಭೆಯ ರೀತಿಯನ್ನು ತಿಳಿಯದೆ ಇವರ ರಾಜಕೀಯ ಅರ್ಥವಾಗುವುದಿಲ್ಲ. ಹಳೆಯ ಪದ್ಧತಿಯ ಕ್ವೇಕರರು ಭಾನುವಾರ ಸೇರಿ ಸುಮ್ಮನೆ ಕೂರುತ್ತಾರೆ. ಪ್ರವಚನವಿಲ್ಲ, ಹಾಡಿಲ್ಲ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. (ಕೆನ್ಯಾದ ಕ್ವೇಕರರಲ್ಲಿ ಮತ್ತು ಅಮೆರಿಕದ ಅನೇಕ ಕಡೆ ಪಾದ್ರಿಯೂ ಉಂಟು, ಹಾಡೂ ಉಂಟು.) ಲೆಕ್ಕಪತ್ರ, ನಿರ್ಣಯಗಳ ಸಭೆಯೂ ಹೀಗೆ ಮೌನದಿಂದಲೇ ಶುರುವಾಗುತ್ತದೆ. ಸಭೆ ನಡೆಸುವವರು ಅಧ್ಯಕ್ಷರಲ್ಲ, ‘ಕ್ಲರ್ಕ್’. ಅಲ್ಲಿ ಮತ ಎಣಿಕೆಯೇ ಇಲ್ಲ. ಎಲ್ಲರ ಮಾತು ಕೇಳಿ, ಸಭೆಯ ಮನಸ್ಸು ಎತ್ತ ವಾಲುತ್ತಿದೆ ಎಂದು ಕ್ಲರ್ಕ್ ಅಂದಾಜು ಮಾಡಿ ನಾಲ್ಕು ಸಾಲು ಬರೆದು ಓದುತ್ತಾರೆ. ಒಪ್ಪಿದರೆ ಅದೇ ನಿರ್ಣಯ. ಒಬ್ಬರು ಗಟ್ಟಿಯಾಗಿ ಬೇಡವೆಂದರೂ ವಿಷಯ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ.

ಎಫ್‌ಸಿಎನ್‌ಎಲ್‌ನ ನೀತಿ ರೂಪುಗೊಳ್ಳುವುದೂ ಹೀಗೆ. ಹೊಸ ಸಂಸತ್ತು ಬರುವ ಮೊದಲು, ಎರಡು ವರ್ಷಕ್ಕೊಮ್ಮೆ, ದೇಶದ ಮೂಲೆಮೂಲೆಯ ಕ್ವೇಕರ್ ಸಭೆಗಳಿಗೆ ‘ಈ ಸಲ ಯಾವುದಕ್ಕೆ ಆದ್ಯತೆ ಕೊಡಬೇಕು’ ಎಂದು ಬರೆದು ಕೇಳುತ್ತಾರೆ. ಬಂದ ಉತ್ತರಗಳನ್ನು ಇಟ್ಟುಕೊಂಡು ಎಲ್ಲ ಕಡೆಯ ಪ್ರತಿನಿಧಿಗಳು ಕೂತು ಒಮ್ಮತಕ್ಕೆ ಬರುತ್ತಾರೆ. ಬಾರದಿದ್ದರೆ ಸಮಿತಿಗೆ ಆ ವಿಷಯದಲ್ಲಿ ಬಾಯಿಲ್ಲ. ಗರ್ಭಪಾತದ ಪ್ರಶ್ನೆಯನ್ನೇ ನೋಡಿ. ಅಮೆರಿಕದ ರಾಜಕೀಯವನ್ನು ಐವತ್ತು ವರ್ಷ ಸೀಳಿಟ್ಟ ಆ ಪ್ರಶ್ನೆಯ ಬಗ್ಗೆ ಈ ಸಮಿತಿಗೆ ನಿಲುವೇ ಇಲ್ಲ, ಯಾಕೆಂದರೆ ಕ್ವೇಕರರಲ್ಲೇ ಒಮ್ಮತವಿಲ್ಲ. ಇದು ದೌರ್ಬಲ್ಯ ಅನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ರೀತಿಗೆ ಇನ್ನೊಂದು ಫಲವೂ ಇದೆ: ನಿಧಾನವಾಗಿ ಆದ ತೀರ್ಮಾನ ಚುನಾವಣೆಯ ಗಾಳಿಗೆ ಅಲ್ಲಾಡುವುದಿಲ್ಲ. ತಮ್ಮೊಳಗೆ ಎಂದೂ ಕೈ ಎತ್ತಿ ಮತ ಹಾಕದ ಜನ, ಬರೀ ಕೈ ಎಣಿಸಿಯೇ ನಡೆಯುವ ಸಂಸತ್ತಿನ ಬಾಗಿಲಲ್ಲಿ 80 ವರ್ಷ ನಿಂತದ್ದು ಹೇಗೆ ಎಂಬುದಕ್ಕೆ ನನಗೆ ಕಾಣುವ ಉತ್ತರ ಇಷ್ಟೇ.

ಬಾಗಿಲಲ್ಲಿ ನಿಲ್ಲುವ ಅಭ್ಯಾಸ ಇನ್ನೂ ಹಳೆಯದು. 1790ರ ಫೆಬ್ರವರಿ. ಅಮೆರಿಕದ ಮೊತ್ತಮೊದಲ ಸಂಸತ್ತು ಇನ್ನೂ ನ್ಯೂಯಾರ್ಕಿನಲ್ಲಿ ಸೇರುತ್ತಿತ್ತು. ಗುಲಾಮರ ವ್ಯಾಪಾರ ನಿಲ್ಲಿಸಿ ಎಂದು ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿನ ಕ್ವೇಕರರು ಮನವಿ ತಂದರು. ಮರುದಿನವೇ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಮನವಿ ಬಂತು. ಅದಕ್ಕೆ ಸಹಿ ಹಾಕಿದ್ದವರು ಮುದುಕ ಬೆಂಜಮಿನ್ ಫ್ರಾಂಕ್ಲಿನ್. ದಕ್ಷಿಣದ ಸದಸ್ಯರು ಕೆಂಡವಾದರು. ಜಾರ್ಜಿಯಾದ ಜೇಮ್ಸ್ ಜಾಕ್ಸನ್, ದಕ್ಷಿಣ ಕೆರೊಲಿನಾದ ವಿಲಿಯಂ ಲೌಟನ್ ಸ್ಮಿತ್ ಸದನದಲ್ಲೇ ಕ್ವೇಕರರನ್ನು ಹೀನಾಯವಾಗಿ ಬೈದರು. ಬೈಸಿಕೊಂಡವರು ಮೇಲಿನ ಗ್ಯಾಲರಿಯಲ್ಲಿ ಕೂತು ಕೇಳುತ್ತಿದ್ದರು. ಡೆಲವೇರ್‌ನ ವಾರ್ನರ್ ಮಿಫ್ಲಿನ್ ಅವರಲ್ಲೊಬ್ಬ. ತನ್ನದೇ ಗುಲಾಮರನ್ನು 1770ರ ದಶಕದಲ್ಲಿ ಬಿಡುಗಡೆ ಮಾಡಿದ್ದ ಭೂಮಾಲೀಕ. ಸಂಸದರು ಇಳಿದುಕೊಂಡಿದ್ದ ಬಿಡಾರಗಳಿಗೆ ಹೋಗಿ ಒಬ್ಬೊಬ್ಬರನ್ನೇ ಕಂಡು ಮಾತಾಡುವುದು ಆತನ ಕ್ರಮ. ಮಾರ್ಚಿನಲ್ಲಿ, ಈ ಮನವಿಗಳನ್ನು ನೋಡಿದ ಸದನ ಸಮಿತಿಯ ವರದಿಯನ್ನು ಕಡತಕ್ಕೆ ಸೇರಿಸುವುದೋ ಬೇಡವೋ ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ಸೇರಿಸುವ ಪಕ್ಷಕ್ಕೆ 29 ಮತ, ವಿರುದ್ಧ 25. ಬಂದ ಫಲ ಅಷ್ಟೇ, ಕಡತದಲ್ಲೊಂದು ಜಾಗ. ಗುಲಾಮಗಿರಿ ಕಾನೂನಿನಿಂದ ಅಳಿಯಲು ಇನ್ನೂ 75 ವರ್ಷ ಮತ್ತು ಒಂದು ಅಂತರ್ಯುದ್ಧ ಬೇಕಾಯಿತು.

20ನೇ ಶತಮಾನಕ್ಕೆ ಬಂದರೆ, 1940ರಲ್ಲಿ ಕಡ್ಡಾಯ ಸೈನ್ಯ ಸೇವೆಯ ಮಸೂದೆ ಬಂದಾಗ ಕ್ವೇಕರರಿಗೆ ಮತ್ತೆ ಕೆಲಸ ಬಿತ್ತು. ಯುದ್ಧ ಮಾಡಲಾರೆ ಎಂಬ ಆತ್ಮಸಾಕ್ಷಿಯುಳ್ಳವರಿಗೆ ಸೈನ್ಯದ ಹೊರಗೆ ಬದಲಿ ಕೆಲಸ ಕೊಡಬೇಕೆಂಬ ಕಲಮು ಸೇರಿಸಲು ಓಡಾಡಿ ಗೆದ್ದರು. ಸುಮಾರು 12,000 ಯುವಕರು ಕಾಡಿನ ಬೆಂಕಿ ಆರಿಸುತ್ತ, ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತ ಯುದ್ಧಕಾಲ ಕಳೆದರು. ಆ ಓಡಾಟದಲ್ಲಿದ್ದ ಇ. ರೇಮಂಡ್ ವಿಲ್ಸನ್, 1943ರಲ್ಲಿ ಇಂಡಿಯಾನಾದ ರಿಚ್‌ಮಂಡ್‌ನಲ್ಲಿ ಸಮಿತಿ ಹುಟ್ಟಿದಾಗ ಅದರ ಮೊದಲ ಕಾರ್ಯದರ್ಶಿಯಾದರು. ಅಯೋವಾದ ಹೊಲಮನೆಯಲ್ಲಿ ಬೆಳೆದವರು. 1962ರವರೆಗೆ, ಎರಡು ದಶಕ ಅದೇ ಕುರ್ಚಿ. ಇವತ್ತು ಗೆಲ್ಲಲಾಗದ ವಿಷಯಕ್ಕೂ ಇವತ್ತೇ ದುಡಿಯಬೇಕು, ಇಲ್ಲದಿದ್ದರೆ ಅದು ನಾಳೆಯೂ ಗೆಲ್ಲುವುದಿಲ್ಲ ಎಂಬುದು ಅವರ ಧಾಟಿ. 1975ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಏರುಹಾದಿ ಇದೆ: ‘ಅಪ್‌ಹಿಲ್ ಫಾರ್ ಪೀಸ್’.

ಆ ಏರುಹಾದಿಯಲ್ಲಿ ಒಂದು ಸಲ ನಮ್ಮ ಊಟದ ತಟ್ಟೆಯೂ ಸಿಕ್ಕಿತ್ತು. ಅರವತ್ತರ ದಶಕದಲ್ಲಿ ಕನ್ನಡ ಶಾಲೆ ಓದಿದವರಿಗೆ ಅಮೆರಿಕದ ಹಾಲಿನ ಪುಡಿ, ಉಪ್ಪಿಟ್ಟಿನ ನೆನಪಿರಬಹುದು. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಕಥೆ. 1950ರಲ್ಲಿ ಬರ, ನೆರೆ ಎರಡೂ ಬಡಿದು ಭಾರತದಲ್ಲಿ ಧಾನ್ಯಕ್ಕೆ ಹಾಹಾಕಾರವೆದ್ದಿತು. ಡಿಸೆಂಬರಿನಲ್ಲಿ ರಾಯಭಾರಿ ವಿಜಯಲಕ್ಷ್ಮಿ ಪಂಡಿತ್ ಅಮೆರಿಕವನ್ನು 20 ಲಕ್ಷ ಟನ್ ಧಾನ್ಯ ಕೇಳಿದರು. ಅಧ್ಯಕ್ಷ ಟ್ರೂಮನ್ ಒಪ್ಪಿದರು, ಸಂಸತ್ತು ಜಗ್ಗಾಡಿತು. ಕೊರಿಯಾ ಯುದ್ಧದಲ್ಲಿ ನೆಹರೂ ತಮ್ಮ ಬೆನ್ನಿಗೆ ನಿಲ್ಲಲಿಲ್ಲ ಎಂಬ ಸಿಟ್ಟು ಒಂದು ಕಡೆ. ಗೋಧಿ ಬೇಕಾದರೆ ಥೋರಿಯಂ ಇರುವ ಮೋನಜೈಟ್ ಮರಳು ಕೊಡಲಿ ಎಂಬ ವ್ಯಾಪಾರ ಇನ್ನೊಂದು ಕಡೆ. ಹಸಿವಿನ ನೆಪದಲ್ಲಿ ಷರತ್ತು ಹಾಕುವುದಾದರೆ ಬೇಡ ಎಂಬ ನಿಲುವು ನೆಹರೂ ಅವರದು. ಮಸೂದೆ ಕೂತೇ ಇತ್ತು. ಚರ್ಚ್ ಸಂಘಟನೆಗಳ ಜೊತೆ ಕ್ವೇಕರ್ ಸಮಿತಿಯೂ ಅದನ್ನು ಎಬ್ಬಿಸಲು ಸಂಸದರ ಬೆನ್ನು ಹತ್ತಿತು. ಕೊನೆಗೆ 1951ರ ಜೂನ್ 15ರಂದು ಕಾಯ್ದೆಗೆ ಅಂಕಿತ ಬಿತ್ತು. 19 ಕೋಟಿ ಡಾಲರ್. ದಾನವಾಗಿ ಅಲ್ಲ, ಸಾಲವಾಗಿ. ಬಡ್ಡಿಯಲ್ಲಿ 50 ಲಕ್ಷ ಡಾಲರಿನವರೆಗೆ ಭಾರತದ ವಿಶ್ವವಿದ್ಯಾಲಯಗಳ ಪುಸ್ತಕ, ಉಪಕರಣ, ಅಧ್ಯಾಪಕರ ವಿನಿಮಯಕ್ಕೆ ಬಳಸಬಹುದೆಂಬ ಕಲಮೂ ಅದರಲ್ಲಿತ್ತು.

ಭಾರತಕ್ಕೆ ಈ ಕಸುಬಿನ ಪರಿಚಯ ಅದಕ್ಕೂ ಮೊದಲಿನದು. 1931ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇಂಡಿಯಾ ಕನ್ಸಿಲಿಯೇಶನ್ ಗ್ರೂಪ್‌ನಲ್ಲಿ ಕ್ವೇಕರರದೇ ಮುಂದಾಳುತನ. ಮುಂದೆ ತಾನೂ ಕ್ವೇಕರ್ ಆದ ಅಗಾಥಾ ಹ್ಯಾರಿಸನ್ ಅದರ ಕಾರ್ಯದರ್ಶಿ. ಪಾರ್ಲಿಮೆಂಟಿನಲ್ಲಿ ಭಾರತದ ಮಾತು ಬಂದಾಗ ಹಾಜರಿರುವುದು, ಮಂತ್ರಿಗಳನ್ನು ಕಾಣುವುದು, ಗಾಂಧಿಗೆ ಬರೆದು ತಿಳಿಸುವುದು ಆಕೆಯ ದಿನಚರಿ. ಅದೇ ಬಳಗದ ಹೊರೇಸ್ ಅಲೆಕ್ಸಾಂಡರ್, ಪಕ್ಷಿವೀಕ್ಷಕರಾಗಿಯೂ ಹೆಸರಾದವರು, 1947ರ ಆಗಸ್ಟ್ 15ರಂದು ಗಾಂಧಿಯ ಜೊತೆ ಕಲ್ಕತ್ತಾದಲ್ಲಿದ್ದರು.

ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್ ಮತ್ತು ಅಮೆರಿಕದ ಎರಡು ಕ್ವೇಕರ್ ಪರಿಹಾರ ಸಂಸ್ಥೆಗಳಿಗೆ ಬಂತು. ಅಮೆರಿಕದ ಸಂಸ್ಥೆಯ ಪರವಾಗಿ ಓಸ್ಲೊಗೆ ಹೊರಟ ಹಾರ್ವರ್ಡ್ ಪ್ರಾಧ್ಯಾಪಕ ಹೆನ್ರಿ ಕ್ಯಾಡ್‌ಬರಿಯವರ ಬಳಿ ಸಮಾರಂಭಕ್ಕೆ ಬೇಕಾದ ಉದ್ದಬಾಲದ ಕೋಟು ಇರಲಿಲ್ಲ. ಬುಡಾಪೆಸ್ಟಿನ ವಾದ್ಯವೃಂದದವರಿಗೆ ಕಳಿಸಲೆಂದು ಸಂಸ್ಥೆಯ ಉಗ್ರಾಣದಲ್ಲಿ ಕೂಡಿಹಾಕಿದ್ದ ಹಳೆಯ ಬಟ್ಟೆಯಲ್ಲಿ ಒಂದನ್ನು ಎರವಲು ಪಡೆದು ಹಾಕಿಕೊಂಡು ಹೋದರು. ಅನ್ನ, ಬಟ್ಟೆ ಹಂಚಿದವರ ಬಗ್ಗೆ ಇಂಥ ಸೊಗಸಾದ ಕಥೆಗಳು ಸಿಗುತ್ತವೆ. ಕಲಮು ತಿದ್ದಿಸಿದವರ ಬಗ್ಗೆ ಸಿಗುವುದು ಮತದ ಅಂಕಿಗಳು ಮಾತ್ರ.

ಅಂಕಿಗಳಿಗೆ ಬರುವ ಮೊದಲು ಅವರ ಕೆಲಸ ನಡೆಯುವ ಬಗೆ ನೋಡೋಣ. ಸಂಸದರ ಕಚೇರಿಯ ಮುಂದೆ ಅವರ ರಾಜ್ಯದ ಬಾವುಟ. ಒಳಗೆ ಭೇಟಿಗೆ ಸಿಗುವವರು ಬಹುಪಾಲು ಸಂಸದರಲ್ಲ, ಇಪ್ಪತ್ತೈದು ಮೂವತ್ತರ ಆಸುಪಾಸಿನ ಸಹಾಯಕರು. ಎದುರಿಗೆ ಕೂತವರು ಅದೇ ಕ್ಷೇತ್ರದ ಮತದಾರರು: ನಿವೃತ್ತ ಮೇಷ್ಟ್ರು, ನರ್ಸು, ಕಾಲೇಜು ಹುಡುಗಿ. ಕ್ವೇಕರರೇ ಆಗಬೇಕೆಂದಿಲ್ಲ. ಪ್ರತಿ ವಸಂತದಲ್ಲಿ ನೂರಾರು ಯುವಜನರನ್ನು ಕರೆಸಿ ಸಮಿತಿ ಇದನ್ನೇ ಕಲಿಸುತ್ತದೆ. ಹೋದ ಕೂಡಲೇ ಬೈಯಬೇಡಿ; ಹಿಂದೆ ಆ ಸಂಸದರು ಮಾಡಿದ ಒಂದಾದರೂ ಒಳ್ಳೆಯ ಕೆಲಸಕ್ಕೆ ಥ್ಯಾಂಕ್ಸ್ ಹೇಳಿ. ಶಾಂತಿ ಬೇಕು ಎಂದು ಕೇಳಬೇಡಿ, ಇಂಥ ನಂಬರಿನ ಮಸೂದೆಗೆ ಹೆಸರು ಸೇರಿಸಿ ಎಂದು ಕೇಳಿ. ಈ ವಿಷಯ ನಿಮ್ಮ ಬದುಕನ್ನು ಹೇಗೆ ಮುಟ್ಟಿತು ಎಂಬುದನ್ನು ಎರಡು ನಿಮಿಷದಲ್ಲಿ ಹೇಳಿ. ಆಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಮೌನ ಇವರ ಹಳೆಯ ವಿದ್ಯೆ. ಲಾಬಿಯಲ್ಲಿ ಅದು ಇಷ್ಟು ಉಪಯೋಗಕ್ಕೆ ಬರುತ್ತದೆಂದು ಜಾರ್ಜ್ ಫಾಕ್ಸ್ ಎಣಿಸಿರಲಾರ.

ಇರಾಕಿನ ಅನುಮತಿಗೆ 2002ರಲ್ಲಿ ಪ್ರತಿನಿಧಿ ಸಭೆಯಲ್ಲಿ 296 ಮತ ಬಿದ್ದವು, ವಿರುದ್ಧ 133. ಸೆನೆಟ್‌ನಲ್ಲಿ 77–23. ಆ ಕಾಲದಲ್ಲಿ ಅಮೆರಿಕದ ಮನೆಗಳ ಮುಂದಿನ ಹುಲ್ಲಿನಲ್ಲಿ ‘ಯುದ್ಧ ಉತ್ತರವಲ್ಲ’ ಎಂಬ ನೀಲಿ ಫಲಕಗಳು ಎದ್ದವು. ಅವನ್ನು ಹಂಚಿದ್ದು ಈ ಸಮಿತಿಯೇ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದ ನಮ್ಮ ಅಪ್ಪ–ಅಮ್ಮಂದಿರಲ್ಲಿ ಕೆಲವರು ಬೆಳಗಿನ ವಾಕಿಂಗಿನಲ್ಲಿ ಅವನ್ನು ಕಂಡಿರಲೂ ಸಾಕು. ಫಲಕದಿಂದ ಯುದ್ಧ ನಿಲ್ಲಲಿಲ್ಲ. ಕಾನೂನು ಉಳಿದರೆ ಏನಾಗುತ್ತದೆ ಎಂಬುದು 2020ರ ಜನವರಿಯಲ್ಲಿ ಕಂಡಿತು. ಬಾಗ್ದಾದಿನಲ್ಲಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೇಮಾನಿಯನ್ನು ಡ್ರೋನಿನಿಂದ ಕೊಂದ ಟ್ರಂಪ್ ಸರ್ಕಾರ, ಸದ್ದಾಂ ವಿರುದ್ಧ ಕೊಟ್ಟಿದ್ದ ಆ 2002ರ ಅನುಮತಿಯನ್ನೂ ಸಮರ್ಥನೆಗೆ ಎಳೆದುತಂದಿತು. 2021ರ ಜೂನಿನಲ್ಲಿ ಪ್ರತಿನಿಧಿ ಸಭೆ 268–161ರಿಂದ ರದ್ದತಿಗೆ ಒಪ್ಪಿತು, ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ. 2023ರ ಮಾರ್ಚಿನಲ್ಲಿ ಸೆನೆಟ್ 66–30ರಿಂದ ಒಪ್ಪಿತು. ಪ್ರತಿನಿಧಿ ಸಭೆ ಕೈಗೆತ್ತಿಕೊಳ್ಳಲಿಲ್ಲ. ಸೆನೆಟ್‌ನಲ್ಲಿ ಮುಂದೆ ನಿಂತವರು ಡೆಮಾಕ್ರಾಟ್ ಟಿಮ್ ಕೇನ್ ಮತ್ತು ರಿಪಬ್ಲಿಕನ್ ಟಾಡ್ ಯಂಗ್, ಒಂದೊಂದು ಪಕ್ಷದಿಂದ ಒಬ್ಬೊಬ್ಬರು. ಎರಡೂ ಪಕ್ಷದ ಬಾಗಿಲು ತಟ್ಟುವ ಕ್ವೇಕರ್ ಪದ್ಧತಿಗೆ ಅರ್ಥವಿರುವುದು ಇಂಥಲ್ಲಿ.

ಕೊನೆಗೆ ಗೆಲುವು ಬಂದ ರೀತಿ ಮಾತ್ರ ನಗಬೇಕೋ ಅಳಬೇಕೋ ತಿಳಿಯದಂಥದ್ದು. ರದ್ದತಿಯ ಕಲಮನ್ನು ಹೊತ್ತು ತಂದ ಕಾಯ್ದೆ ಸುಮಾರು 90,000 ಕೋಟಿ ಡಾಲರಿನ ಸೇನಾ ವೆಚ್ಚಕ್ಕೆ ಒಪ್ಪಿಗೆ ಕೊಡುವ ಕಾಯ್ದೆ. ಆ ವೆಚ್ಚ ಇಳಿಸಿ ಎಂದು ವರ್ಷವರ್ಷವೂ ಕೇಳಿಕೊಂಡು ಬಂದವರು ಇದೇ ಕ್ವೇಕರರು. ಅದು ಇಳಿಯಲಿಲ್ಲ. ಭಯೋತ್ಪಾದನೆಯ ಹೆಸರಿನಲ್ಲಿ 2001ರಲ್ಲಿ ಕೊಟ್ಟ ಇನ್ನೂ ವಿಶಾಲವಾದ ಅನುಮತಿ ಮುಟ್ಟದೆ ಉಳಿದಿದೆ. ಅದಕ್ಕೆ ಪ್ರತಿನಿಧಿ ಸಭೆಯಲ್ಲಿ ಬಿದ್ದಿದ್ದು 420 ಮತ, ವಿರುದ್ಧ ಒಂದೇ ಒಂದು: ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಯೆಮನ್ ಯುದ್ಧಕ್ಕೆ ಅಮೆರಿಕದ ನೆರವು ನಿಲ್ಲಿಸುವ ನಿರ್ಣಯ 2019ರಲ್ಲಿ ಎರಡೂ ಸದನಗಳಲ್ಲಿ ಗೆದ್ದು ಅಧ್ಯಕ್ಷರ ವೀಟೋದಲ್ಲಿ ಬಿತ್ತು. ಪಂಥದ ಹೆಸರು ಕೂಡ ಯಾರಿಗೂ ಗ್ಯಾರಂಟಿಯಲ್ಲ. ಕಾಂಬೋಡಿಯಾದ ಮೇಲೆ ಬಾಂಬು ಸುರಿಸಿದ ರಿಚರ್ಡ್ ನಿಕ್ಸನ್ ಬೆಳೆದದ್ದು ಕ್ವೇಕರ್ ಮನೆಯಲ್ಲಿ.

ಇದಕ್ಕಿಂತ ಇರಿಯುವ ಸಂಗತಿ, ಕ್ವೇಕರರು ಲಾಬಿಯಲ್ಲಿ ಗೆದ್ದ ಒಂದು ಪ್ರಕರಣ. 1869ರ ಜನವರಿಯಲ್ಲಿ, ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಯುಲಿಸಿಸ್ ಗ್ರಾಂಟ್‌ರನ್ನು ಕ್ವೇಕರ್ ನಿಯೋಗಗಳು ಕಂಡವು. ಮೂಲನಿವಾಸಿಗಳ ವ್ಯವಹಾರವನ್ನು ಭ್ರಷ್ಟ ಅಧಿಕಾರಿಗಳ ಕೈಯಿಂದ ತಪ್ಪಿಸಿ ಧರ್ಮಭೀರುಗಳ ಕೈಗೆ ಕೊಡಿ ಎಂಬುದು ಕೋರಿಕೆ. ಗ್ರಾಂಟ್ ಅಂಥವರನ್ನು ನಿಮ್ಮಲ್ಲೇ ಕೊಡಿ ಅಂದುಬಿಟ್ಟರು. ಆ ‘ಶಾಂತಿ ನೀತಿ’ಯಡಿ ಕ್ವೇಕರರು ಆಡಳಿತಾಧಿಕಾರಿಗಳಾದರು, ಶಾಲೆ ನಡೆಸಿದರು. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ದೂರವಿಟ್ಟು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ಮನೆಮಾತು ಆಡದಂತೆ ಮಾಡಿದ ವಸತಿ ಶಾಲೆಗಳಲ್ಲಿ 30ಕ್ಕೂ ಹೆಚ್ಚು ಕ್ವೇಕರರ ಕೈಯಲ್ಲಿದ್ದವು. ಒಳ್ಳೆಯದು ಮಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಅಮೆರಿಕದ ಒಳಾಡಳಿತ ಇಲಾಖೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸರ್ಕಾರದ ಬೆಂಬಲದ ಇಂಥ ಶಾಲೆಗಳು 417. ಅವುಗಳಲ್ಲಿ ಸತ್ತ ಮಕ್ಕಳು ಕನಿಷ್ಠ 973. ಆ ಅಕ್ಟೋಬರಿನಲ್ಲಿ ಅಧ್ಯಕ್ಷ ಜೋ ಬೈಡನ್ ಅರಿಜೋನಾದಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದರು.

ಈಗ ಎಫ್‌ಸಿಎನ್‌ಎಲ್ ಓಡಾಡುತ್ತಿರುವ ಮಸೂದೆಗಳಲ್ಲಿ ಒಂದು ಈ ಶಾಲೆಗಳ ಸತ್ಯ ಹೊರಗೆಡವುವ ಆಯೋಗದ್ದು. ಆಯೋಗ ತೆರೆಯಬೇಕಾದ ಕಡತಗಳಲ್ಲಿ ಕ್ವೇಕರರವೂ ಸೇರಿವೆ. ಫಿಲಡೆಲ್ಫಿಯಾ ಬಳಿಯ ಹ್ಯಾವರ್‌ಫರ್ಡ್ ಮತ್ತು ಸ್ವಾರ್ಥ್‌ಮೋರ್ ಕಾಲೇಜುಗಳ ಕ್ವೇಕರ್ ದಾಖಲೆಗಳಿಂದ ಸುಮಾರು 20,000 ಪುಟಗಳನ್ನು ಮೂಲನಿವಾಸಿಗಳದೇ ಸಂಘಟನೆ ಸ್ಕ್ಯಾನ್ ಮಾಡಿಸುತ್ತ ಬಂದಿದೆ. ಹಾಜರಾತಿ, ಪತ್ರ, ಫೋಟೊಗಳಲ್ಲಿ ತಮ್ಮ ಅಜ್ಜಿ, ಮುತ್ತಜ್ಜಿಯರನ್ನು ಹುಡುಕುವವರಿಗಾಗಿ. ಮಸೂದೆ 2024ರ ಡಿಸೆಂಬರಿನಲ್ಲಿ ಸೆನೆಟ್ ದಾಟಿತು. ಪ್ರತಿನಿಧಿ ಸಭೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಆ ಸಂಸತ್ತಿನ ಅವಧಿಯೇ ಮುಗಿಯಿತು. ಜೊತೆಗೆ ಮಸೂದೆಯೂ ಸತ್ತಿತು. 2025ರ ಫೆಬ್ರವರಿಯಲ್ಲಿ ಅಲಾಸ್ಕಾದ ಸೆನೆಟರ್ ಲೀಸಾ ಮರ್ಕೌಸ್ಕಿ ಅದನ್ನು ಹೊಸ ನಂಬರಿನಲ್ಲಿ ಮತ್ತೆ ಮಂಡಿಸಿದರು. ಈ ಸಂಸತ್ತಿನ ಅವಧಿ 2027ರ ಜನವರಿ 3ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎರಡೂ ಸದನ ಒಪ್ಪದಿದ್ದರೆ ಮತ್ತೊಂದು ನಂಬರು, ಮತ್ತೆ ಮೊದಲಿನಿಂದ ಸಹಿ ಸಂಗ್ರಹ.